ಬಾಗಿಲಲ್ಲಿ ನಿಲ್ಲಿಸಿದ ನರ್ಸು

ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟ್ರೆಚರ್ ತಳ್ಳುತ್ತೇನೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ತಂದೆತಾಯಿಯ ಜೊತೆ ಕಬ್ಬು ಕಡಿಯಲು ಹೋದವನು. ರಟ್ಟೆ ನಂಬಿ ಬದುಕಿದ್ದೇನೆ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಔರಾದ್ ಕಡೆಯ ನಮ್ಮ ಲಂಬಾಣಿ ತಾಂಡಾದಲ್ಲಿ ನರ್ಸಿಂಗ್ ಓದಿದ ಮೊದಲ ಹುಡುಗಿ ನನ್ನ ಮಗಳು. ಅವಳಿಗೂ ಇದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು.

ಅವಳನ್ನು ತೆಗೆದುಕೊಂಡದ್ದೇ ಲಂಬಾಣಿ ಮಾತು ಬರುತ್ತದೆಂದು. ತಾಂಡಾಗಳಿಂದ ಬರುವ ಹೆಂಗಸರಿಗೆ ನೋವು ಹೆಚ್ಚಾದಾಗ ಬೇರೆ ಮಾತು ಬಾಯಿಗೆ ಬರುವುದಿಲ್ಲ. ಯಾವ ವಾರ್ಡಿನಿಂದ ಕೂಗಿದರೂ ಇವಳು ಓಡಬೇಕು. ತಿರುಗಿ ಬರುವಷ್ಟರಲ್ಲಿ ಅವಳ ಪಾಳಿಯ ಕೆಲಸ ಹಾಗೇ ಬಿದ್ದಿರುತ್ತಿತ್ತು. ಬೈಗುಳ ಅದಕ್ಕೆ ಬೇರೆ. ಅದೇ ಲಂಬಾಣಿ ಮಾತಿನಲ್ಲಿ ಅವಳು ನನ್ನನ್ನು "ಊಟ ಆಯಿತಾ" ಎಂದು ಕೇಳಿದರೆ ಹಿರಿಯ ನರ್ಸು ಗದರುತ್ತಿದ್ದಳು, "ಏ, ಇದೇನ್ ನಿಮ್ಮ ತಾಂಡಾ ಏನ? ನಮಗ ತಿಳಿಯೂ ಮಾತ್ ಆಡ್ರಿ."

ಒಮ್ಮೆ ಹೊರಗಿನಿಂದ ದೊಡ್ಡ ಮಂದಿ ಆಸ್ಪತ್ರೆ ನೋಡಲು ಬರುವವರಿದ್ದರು. ಮ್ಯಾನೇಜರು ಮಗಳಿಗೆ, "ನಿಮ್ಮ ಲಂಬಾಣಿ ಡ್ರೆಸ್ ಹಾಕ್ಕೊಂಡ್ ಬಾ, ಬಾಗಲದಾಗ ಆರತಿ ಹಿಡಿ" ಎಂದ. ನಮ್ಮವ್ವ ಟ್ರಂಕಿನಿಂದ ಕನ್ನಡಿ ಹೊಲಿದ ತನ್ನ ಲಂಗ, ಕುಪ್ಪಸ ತೆಗೆದು ಕೊಟ್ಟಳು. ಓದಿ ಪಾಸಾದವಳು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಎಲ್ಲರೂ ಫೋಟೋ ತೆಗೆದುಕೊಂಡರು.

ಆಗಲೇ ಭಾಲ್ಕಿ ಕಡೆಯ ತಾಂಡಾದಿಂದ ಹೆರಿಗೆಗೆಂದು ಒಬ್ಬಳನ್ನು ತಂದರು. ಸ್ಟ್ರೆಚರ್ ಒಳಗೆ ತಳ್ಳಿದವನು ನಾನೇ. ಲೇಡಿ ಡಾಕ್ಟರ್ ಒಳಗಿನಿಂದ ಚೀರಿದರು, "ಆ ಲಂಬಾಣಿ ಸಿಸ್ಟರ್‌ಗ ಕರೀರಿ, ಜಲ್ದಿ! ಈಕಿ ಏನಂತಾಳೋ ತಿಳೀವಲ್ದು." ಮಗಳು ಆರತಿ ತಟ್ಟೆಯನ್ನು ಅತಿಥಿಯೊಬ್ಬರ ಕೈಗೇ ಕೊಟ್ಟು, ಉಟ್ಟ ಬಟ್ಟೆಯಲ್ಲೇ ಓಡಿದಳು. ತಾಯಿ, ಕೂಸು ಇಬ್ಬರೂ ಉಳಿದರು.

ಮರುದಿನ ಅವಳ ಕೈಗೆ ಮೆಮೊ ಬಂತು. ಯೂನಿಫಾರ್ಮ್ ಇಲ್ಲದೆ ಹೆರಿಗೆ ವಾರ್ಡಿಗೆ ಹೋದದ್ದು ತಪ್ಪಂತೆ. ತಪ್ಪಾಯಿತೆಂದು ಮಾಫಿ ಬರೆದು ಕೊಟ್ಟರೆ ಮಾತ್ರ ಕೆಲಸವಂತೆ.

ನಾನು ಮ್ಯಾನೇಜರನ ಕೋಣೆಗೆ ಹೋದೆ.

"ಸಾಹೇಬ್ರ, ಆ ಬಟ್ಟಿ ಹಾಕ್ಕೊಂಡ್ ಬಾ ಅಂದವ್ರು ಯಾರ್ರಿ?"

"ಬಾಗಲದಾಗ ನಿಂದರ್ಲಾಕ ಅಂದಿದ್ದೆ. ವಾರ್ಡಿಗ್ ಹೋಗ್ಲಾಕ ಅಲ್ಲ."

"ಕರ್ದವ್ರು ನಿಮ್ಮ ಡಾಕ್ಟರೇ ಅಲ್ರಿ?"

"ಬಟ್ಟಿ ಬದಲಿ ಮಾಡಿ ಹೋಗ್ಬೇಕಿತ್ತು. ಕಾಯ್ದೆ ಎಲ್ಲಾರಿಗಿ ಒಂದೇ."

"ಅಷ್ಟ್ರಾಗ ಕೂಸ್ ಸತ್ತಿದ್ರ?"

"ಅದೆಲ್ಲಾ ನನಗ ಹೇಳ್ಬ್ಯಾಡ. ನಿಮ್ಮವ್ರದು ಹಿಂಗೇ ನೋಡು, ಕಲಿಸಿ ತಯಾರ್ ಮಾಡ್ತೀವಿ, ಒಂದ್ ಮಾತಿಗಿ ಸಿಟ್ಟಾಗಿ ಬಿಟ್ಟ್ ಹೋಗ್ತೀರಿ. ಒಬ್ರೂ ನಿಲ್ಲಂಗಿಲ್ಲ."

"ನಿಂದರ್ಲಾಕ ಜಾಗಾ ಎಲ್ಲಿ ಕೊಟ್ಟೀರ್ರಿ? ಬಾಗಲದಾಗ ಅಷ್ಟೇ."

ಅವನು ಫೋನ್ ಎತ್ತಿಕೊಂಡ. ನಾನು ಹೊರಗೆ ಬಂದೆ.

ಸಂಜೆ ಮಗಳು ಕೇಳಿದಳು, "ಬಾಪು, ಬರ್ದ್ ಕೊಡ್ಲೇನ? ನೀ ಹೇಳಿದ್ರ ಕೊಡ್ತೇನಿ."

ಅವಳು ಊರಿನಲ್ಲೇ ಇರಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ಹೇಳಲಾರೆ. ತಾಂಡಾದ ಹುಡುಗಿಯರು ಅವಳನ್ನು ನೋಡಿಯೇ ಪುಸ್ತಕ ಹಿಡಿದಿದ್ದರು. ಆದರೂ ನನ್ನ ಬಾಯಿಂದ ಬಂದದ್ದು, "ಬ್ಯಾಡವ್ವಾ. ಕೂಸ್ ಉಳಿಸಿದ್ದಕ್ಕ ಮಾಫಿ ಯಾಕ?"

ಕೆಲಸ ಬಿಟ್ಟ ಅವಳು ಈಗ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ಅಲ್ಲಿ ಅವಳು ಯಾವ ತಾಂಡಾದವಳೆಂದು ಯಾರೂ ಕೇಳುವುದಿಲ್ಲವಂತೆ, ಬರೀ ನರ್ಸಂತೆ. ಹೇಳುವಾಗ ಅವಳ ದನಿ ಹಗುರಾಗಿತ್ತು. ಅದೇ ನನಗೆ ಚುಚ್ಚಿತು.

ಅವಳು ಹೋದ ವಾರವೇ ತಾಂಡಾದ ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದಳು. ಅವಳ ಮಾತು ಒಬ್ಬರಿಗೂ ತಿಳಿಯಲಿಲ್ಲ. ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನಗ ಬರ್ತದಲ್ಲಪಾ, ಸ್ವಲ್ಪ ಕೇಳು" ಎಂದ. ಮುದುಕಿಯ ಮುಖ ನೋಡಿ ಹತ್ತಿರ ಕೂತು ಕೇಳಿದೆ, ಡಾಕ್ಟರಿಗೆ ಹೇಳಿದೆ. ಹೊರಗೆ ಬಂದಾಗ ಹಿರಿಯ ನರ್ಸು ಕಾಯುತ್ತಿದ್ದಳು.

"ಸ್ಟ್ರೆಚರ್ ಬಿಟ್ಟು ಎಲ್ಲಿ ಸತ್ತಿದ್ದಿ? ಎಕ್ಸ್-ರೇದಾಗ ಪೇಷಂಟ್ ಕಾಯ್ಲತ್ತಾರ."