ಒಳಮನೆಯ ಕ್ಯಾಮೆರಾ

ತಿಪಟೂರಿನಲ್ಲಿ ಬಷೀರುನ್ನೀಸಾ ಎಂಬುವವರ ಮನೆ ಯಾವುದು ಎಂದು ಕೇಳಿದರೆ ನಾಲ್ಕು ಜನ ತಲೆ ಕೆರೆದುಕೊಂಡಾರು. ಒಳಮನೆ ಫೋಟೋದಮ್ಮ ಎಂದರೆ ಮಾತ್ರ ಬಸ್ ನಿಲ್ದಾಣದ ಹೂವಿನವಳೂ ಎದ್ದು ಬಂದು ದಾರಿ ತೋರಿಸುತ್ತಾಳೆ. ಗಂಡಸರು ಹೊಸಿಲು ದಾಟದ ಕಡೆ ಫೋಟೋ ತೆಗೆಯುವುದು ಈ ಹೆಂಗಸಿನ ಕಸುಬು. ನಿಖಾದ ದಿನ ಹೆಂಗಸರು ಕೂರುವ ಕೋಣೆ, ಮದುಮಗಳಿಗೆ ಅರಿಶಿನ ಹಚ್ಚುವ ಹಿತ್ತಿಲು, ಬಸುರಿಗೆ ಬಳೆ ತೊಡಿಸುವ ನಡುಮನೆ, ಬಾಣಂತಿಯ ಕೋಣೆ. ತುರುವೇಕೆರೆಯಿಂದ ಹಂದನಕೆರೆಯವರೆಗೆ ಇಂಥ ಕಡೆಗಳಲ್ಲಿ ಅವಳು ಬೆನ್ನು ಆನಿಸಿ ನಿಲ್ಲದ ಗೋಡೆ ಕಡಿಮೆ. ಸಾಬರ ಮನೆ, ಗೌಡರ ಮನೆ ಎನ್ನುವ ಭೇದ ಆ ಗೋಡೆಗಳಿಗೆ ಇರಲಿಲ್ಲ. ಎಲ್ಲವೂ ಒಂದೇ ಸಮನೆ ಇಕ್ಕಟ್ಟು, ಒಂದೇ ಸಮನೆ ಕತ್ತಲು.

ಈ ಕಸುಬು ಅವಳು ಬೇಡಿ ಪಡೆದದ್ದಲ್ಲ. ಗಂಡ ಖಾಸಿಂ ಸಾಬ್ ರವಿಕೆ ಹೊಲಿಯುವ ದರ್ಜಿ. ಇವಳು ಹುಕ್ಕು ಹಾಕಿ, ಕಾಜಾ ತಿದ್ದಿ, ಮದುವೆ ಮನೆಗಳಿಗೆ ಬಟ್ಟೆ ತಲುಪಿಸಿ ಬರುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ತುರುವೇಕೆರೆಯ ಒಂದು ಮದುವೆಯಲ್ಲಿ ಹುಡುಗಿಯ ತಂದೆ ಫೋಟೋದವನನ್ನು ಹೆಂಗಸರ ಕಡೆ ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತ. ರವಿಕೆ ಕೊಡಲು ಬಂದಿದ್ದ ಇವಳ ಕೊರಳಿಗೆ ಯಾರೋ ಕ್ಯಾಮೆರಾ ತೂಗಿಹಾಕಿ ಒಳಗೆ ನೂಕಿದರು. ಮೂವತ್ತಾರು ಚಿತ್ರದ ರೀಲಿನಲ್ಲಿ ಹನ್ನೊಂದಕ್ಕೆ ಅವಳ ಬೆರಳೇ ಅಡ್ಡ ಬಂದಿತ್ತು. ಮಿಕ್ಕ ಇಪ್ಪತ್ತೈದರಲ್ಲಿ ಅಳುವವರು ಅಳುತ್ತಿದ್ದರು, ನಗುವವರು ನಗುತ್ತಿದ್ದರು, ಯಾರೂ ಕ್ಯಾಮೆರಾ ಕಡೆ ನೋಡಿ ಸೆಟೆದು ನಿಂತಿರಲಿಲ್ಲ. ಅಲ್ಲಿಂದ ಶುರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಯಾರೂ ಪಾಠ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಕಣ್ಣು ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಚೂಪಾಗಿ ಕಾಣುತ್ತದೆ, ಆದರೆ ಬೆಳಕು ಕಡಿಮೆಯಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಲೆನ್ಸಿನ ಕಣ್ಣೂ ಅದೇ ಜಾತಿಯದು ಎಂದು ಒಂದು ದಿನ ಹೊಳೆಯಿತು. ಮಿಕ್ಕದ್ದು ಕೆಡಿಸಿ ಕೆಡಿಸಿ ಕಲಿತದ್ದು. ರೀಲು ಹೋಗಿ ಡಿಜಿಟಲ್ ಬಂದಾಗಲೂ ಹಾಗೆಯೇ ಕಲಿತಳು.

ಈಗ ವಯಸ್ಸು ಐವತ್ತನಾಲ್ಕು. ಬಲಗೈ ಮಣಿಕಟ್ಟು ಹೋಗಿದೆ. ಹತ್ತು ವರ್ಷದಿಂದ ಎತ್ತಿದ ಕ್ಯಾಮೆರಾ, ಅದರ ಮೂತಿಗೆ ಸಿಕ್ಕಿಸಿದ ಉದ್ದನೆ ಜೂಮ್ ಲೆನ್ಸ್, ಎರಡೂ ಸೇರಿ ಒಂದೂವರೆ ಕೇಜಿ. ಆ ಉದ್ದದ ಲೆನ್ಸನ್ನು ಅವಳು ಕೊಂಡದ್ದೇ ಜನರ ಬಾಯಿಗೆ ಹೆದರಿ. ಲೆನ್ಸ್ ಮೊಳದುದ್ದ ಇದ್ದರೆ ಮದುವೆ ಜೋರು ಎಂದು ನಂಬಿದ ಸೀಮೆ ಇದು. ಹತ್ತಡಿ ಕೋಣೆಯಲ್ಲಿ ಅದನ್ನು ಹಿಡಿದರೆ ಮದುಮಗಳ ಮೂಗುತಿಯೊಂದೇ ಕಾಣುತ್ತಿತ್ತು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಆದರೂ ಹೊತ್ತಳು. ಗಾಣದ ಎತ್ತಿಗೆ ಭಾರ ಯಾಕೆ ಎಂದು ಕೇಳುವ ಪುರುಸೊತ್ತು ಎಲ್ಲಿ.

ಡಾಕ್ಟರು ನೋಡಿ, ಆ ಕೈಯಲ್ಲಿ ಅರ್ಧ ಕೇಜಿ ಮೇಲೆ ಎತ್ತಬೇಡಿ ಎಂದರು. ಅದೇ ತಿಂಗಳು ಹಳೆ ಕ್ಯಾಮೆರಾದ ಒಳಪರದೆ, ಅಂದರೆ ಶಟರ್, ಕೆಟ್ಟು, ತೆಗೆದ ಚಿತ್ರವೆಲ್ಲ ಅರ್ಧ ಕಪ್ಪಾಗಿ ಬರತೊಡಗಿತು. ರಿಪೇರಿಯವನು ಇದು ಆಗುವುದಿಲ್ಲ ಎಂದು ಕೈಯಾಡಿಸಿಬಿಟ್ಟ. ಅಷ್ಟು ಹೊತ್ತಿಗೆ ಹಾಲ್ಕುರಿಕೆಯ ಚಿಕ್ಕಗೌರಮ್ಮನಿಂದ ಫೋನು ಬಂತು. ಮೊಮ್ಮಗಳು ಧನ್ಯಶ್ರೀಯ ಸೀಮಂತ, ಬರುವ ಶುಕ್ರವಾರ.

"ಅವ್ಳು ದೊಡ್ಡೋಳಾದಾಗ ಆರತಿ ಫೋಟ ತೆಗ್ದೋಳು ನೀನು. ಇದ್ಕೂ ನೀನೇ ಬರ್ಬೇಕು ಕಣವ್ವ. ಬ್ಯಾರೆ ಯಾರ್ನೂ ಒಳೀಕೆ ಬುಡಾಕಿಲ್ಲ ನಾನು," ಎಂದಳು ಮುದುಕಿ.

ಬತ್ತೀನಿ ಎಂದುಬಿಟ್ಟಳು ಬಷೀರುನ್ನೀಸಾ. ಫೋನಿಟ್ಟು ಮಗಳು ಫರ್ಹಾಳನ್ನು ಕರೆದಳು. ಫರ್ಹಾ ಛತ್ರಗಳ ಸ್ಟೇಜ್ ಮೇಲೆ ಫೋಟೋ ವಿಡಿಯೋ ಎರಡನ್ನೂ ಮಾಡುವವಳು, ಗಟ್ಟಿ ಹುಡುಗಿ.

"ನೋಡು ಬೇಟಿ, ಹೊಸ ಕ್ಯಾಮೆರಾ ಒಂದು ತಗೋಳಣ. ಹಾಲ್ಕುರಿಕೇಲಿ ಕೈ ನಿಂತ್ರೆ ಕೆಲ್ಸ ಮಾಡ್ತೀನಿ. ನಿಲ್ದಿದ್ರೆ ಬ್ಯಾಗು ನಿನ್ಗೆ. ಆಮೇಲೆ ನನ್ನ ಯಾವ ಮನೇಗೂ ಕರೀಬೇಡ."

ಹೇಳುವಾಗ ದನಿಯಲ್ಲಿ ದುಃಖವೇನೂ ಇರಲಿಲ್ಲ. ಸಂತೆಯಿಂದ ನಡೆದು ಬಂದು ಜಗುಲಿಗೆ ಕುಕ್ಕರಿಸಿದವರ ದನಿ.

ಫರ್ಹಾ ಎರಡು ದಿನ ಮೊಬೈಲಿನಲ್ಲಿ ಕ್ಯಾಮೆರಾಗಳ ಜಾತಕ ಓದಿ ಹೇಳಿದಳು. ದೊಡ್ಡ ಸೆನ್ಸರಿನದಾದರೆ ಕತ್ತಲಲ್ಲೂ ಹಿಡಿಯುತ್ತದೆ, ಅದಕ್ಕೆ ತಕ್ಕ ಒಳ್ಳೆ ಜೂಮ್ ಹಾಕಿದರೆ ಸ್ಟೇಜಿಗೂ ಸೈ ಒಳಮನೆಗೂ ಸೈ, ಎರಡೂ ಸೇರಿ ಒಂದು ಕೇಜಿ ಆರುನೂರು. ಸಣ್ಣ ಸೆನ್ಸರಿನದಾದರೆ ಬಾಡಿ ಮುನ್ನೂರೈವತ್ತು ಗ್ರಾಮು, ಹಗುರ ಜೂಮ್ ಮುನ್ನೂರು.

ಅಂಕಿ ಕೇಳಿ ಬಷೀರುನ್ನೀಸಾಗೆ ಏನೂ ತಿಳಿಯಲಿಲ್ಲ. ತೆಂಗಿನ ಸೀಮೆಯವರಿಗೆ ತಕ್ಕಡಿ ಇರುವುದು ಅಂಗೈಯಲ್ಲಿ. ಸುಲಿದ ಕಾಯಿ ಕೈಗೆ ಬಂದರೆ ಇದು ಐನೂರು, ಇದು ಆರುನೂರೈವತ್ತು ಎಂದು ಹತ್ತಿಪ್ಪತ್ತು ಗ್ರಾಮಿನ ಹೆಚ್ಚುಕಡಿಮೆಯಲ್ಲಿ ಹೇಳಿಯಾರು. ಅವಳು ಅಡಿಗೆಮನೆ ಮೂಲೆಯ ಕಾಯಿರಾಶಿಗೆ ಕೈಹಾಕಿ ಒಂದೊಂದನ್ನೇ ಎತ್ತಿ ನೋಡಿ, ಆರುನೂರೈವತ್ತರದು ಒಂದು, ಎಂಟುನೂರರವು ಎರಡು ಆರಿಸಿದಳು. ಖಾಸಿಂ ಸಾಬ್ ರವಿಕೆ ಚೂರುಗಳಲ್ಲಿ ಎರಡು ಚೀಲ ಹೊಲಿದುಕೊಟ್ಟ. ದೊಡ್ಡ ಕಾಯಿ ಎರಡನ್ನೂ ಒಂದು ಚೀಲಕ್ಕೆ, ಸಣ್ಣದನ್ನು ಇನ್ನೊಂದಕ್ಕೆ ಹಾಕಿದಳು. ಮೊದಲು ದೊಡ್ಡ ಚೀಲ ಎತ್ತಿ ಕಣ್ಣಿಗೆ ಹಿಡಿದು ಮನೆಯೊಳಗೆ ನಡೆದಾಡಿದಳು.

"ನಲವತ್ತು ವರ್ಷ ಅಂಗಡೀಲಿ ಕೂತಿದೀನಿ, ಕಾಯಿ ಮೂತಿಗಿಟ್ಕೊಂಡು ಫೋಟೋ ತೆಗೆಯೋರ್ನ ಈಗ ನೋಡ್ದೆ," ಎಂದ ಖಾಸಿಂ ಸಾಬ್. "ನಗ್ಬೇಕಾ ನಾನು?"

"ನಕ್ರೆ ಅಲ್ಲಾಡ್ತೀಯ. ಸುಮ್ನೆ ಕೂತ್ಕೋ, ತೆಗೀತಿದೀನಿ."

ಹನ್ನೊಂದು ನಿಮಿಷಕ್ಕೆ ಮಣಿಕಟ್ಟು ಸೋತಿತು. ಮಾರನೆ ದಿನ ಸಣ್ಣ ಚೀಲ. ಅಕ್ಕಿ ಆರಿಸಿ, ಅನ್ನ ಬೆಂದು, ಸಾರು ಕುದಿಯುವವರೆಗೂ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡಿದಳು. ಒಂದು ಗಂಟೆ ನಡೆಯಿತು. ನೋವಿತ್ತು, ಆದರೆ ಬಾಯಿ ಬಿಡಿಸುವಂಥದ್ದಲ್ಲ. ಡಾಕ್ಟರು ಅರ್ಧ ಎಂದರೆ ಮುಕ್ಕಾಲು ಎಂದು ಕೇಳಿಸಿಕೊಳ್ಳುವ ಜನ ನಾವು. ಆರುನೂರೈವತ್ತಕ್ಕೆ ಮನಸ್ಸು ಗಟ್ಟಿಯಾಯಿತು. ಹಗುರ ಬಾಡಿ, ಹಗುರ ಜೂಮ್.

ಬುಧವಾರ ಬೆಳಗಿನ ರೈಲಿಗೆ ತಾಯಿ ಮಗಳು ತುಮಕೂರಿಗೆ ಹೋದರು. ಕ್ಯಾಮೆರಾ ಅಂಗಡಿಯ ಹುಡುಗ ಸಿದ್ದಾರ್ಥ್ ಕೇಳಿದ್ದನ್ನು ತಂದಿಟ್ಟ. ಬಷೀರುನ್ನೀಸಾ ಕೈಗೆತ್ತಿಕೊಂಡಳು. ತೂಕ ಹೇಳಿದಷ್ಟೇ ಇತ್ತು, ಅಂಗೈ ಸುಳ್ಳು ಹೇಳಿರಲಿಲ್ಲ. ಕಣ್ಣಿಗೆ ಹಿಡಿದು, ಜೂಮ್ ತಿರುಗಿಸಿ ಅಂಗಡಿಯೆಲ್ಲ ಅಡ್ಡಾಡಿದಳು. ಹತ್ತು ನಿಮಿಷ ಆಗಿರಲಿಲ್ಲ, ಮಣಿಕಟ್ಟಿನಲ್ಲಿ ಚೇಳು ಕುಟುಕಿದ ಹಾಗಾಯಿತು. ಇಳಿಸಿ ಮೇಜಿನ ಮೇಲಿಟ್ಟಳು. ಮುಖ ಕಂದಿತು.

"ಏನಾಯ್ತು ಅಮ್ಮಿ? ಅಷ್ಟೇ ತೂಕ ಕಣಮ್ಮ."

"ತೂಕ ಅಷ್ಟೇ. ಆದ್ರೆ ಕೈ ಒಪ್ತಿಲ್ಲ."

ಕುರ್ಚಿ ಎಳೆದು ಕೂತಳು. ಇಷ್ಟು ದೂರ ಬಂದದ್ದು ದಂಡವಾಯಿತು, ಇದಕ್ಕಿಂತ ಹಗುರದ್ದು ಬೇರೆ ಇಲ್ಲ, ಅಂದಮೇಲೆ ಮುಗಿಯಿತು ಎಂದು ಒಂದು ಗಳಿಗೆ ಅನ್ನಿಸಿತು. ಮುಗಿದರೂ ಆದೀತು ಎಂದೂ ಅನ್ನಿಸಿತು. ಮನೆಗೆ ಹೋಗಿ ಮಲಗಬಹುದು. ಮದುವೆ ಸೀಸನ್ನಿನಲ್ಲಿ ಮನೆಯಲ್ಲಿ ಮಲಗಿ ಎಷ್ಟು ಕಾಲವಾಯಿತೋ.

ಸುಮ್ಮನೆ ಕೂತು ಆ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಜೂಮ್ ತಿರುಗಿಸಿದ್ದರಿಂದ ಅದರ ಮೂತಿ ಗೇಣುದ್ದ ಮುಂದಕ್ಕೆ ಚಾಚಿಕೊಂಡಿತ್ತು. ಕಾಯಿಗೆ ಮೂತಿಯಿಲ್ಲ, ಅದು ದುಂಡಗೆ ಅಂಗೈಯಲ್ಲಿ ಕೂತಿತ್ತು. ಇದರ ಭಾರವೆಲ್ಲ ಮುಂದೆ ಜೋತಾಡುತ್ತಿದೆ. ಆಗ ತನ್ನ ತಪ್ಪು ತಿಳಿಯಿತು.

"ಕೊಡ ಸೊಂಟದ ಮೇಲಿದ್ರೆ ಒಂದು ತೂಕ, ತೋಳು ಚಾಚಿ ಹಿಡಿದ್ರೆ ಇನ್ನೊಂದು ತೂಕ," ಎಂದಳು ಫರ್ಹಾಗೆ. ಆಮೇಲೆ ಸಿದ್ದಾರ್ಥನ ಕಡೆ ತಿರುಗಿ, "ಮೂತಿ ಗಿಡ್ಡಕಿರೋದು ಐತೇನಪ್ಪ? ಹಿಡಿಯೋ ಕಡೆ ಬಾಡಿ ಸ್ವಲ್ಪ ಉಬ್ಬಿರ್ಬೇಕು. ಬಾಡಿ ಭಾರ ಇದ್ರೂ ಪರ್ವಾಗಿಲ್ಲ," ಎಂದಳು.

ಅವನು ಇನ್ನೊಂದು ತಂದ. ಬಾಡಿ ನಾನೂರೆಂಬತ್ತು ಗ್ರಾಮು, ಬಲಗಡೆ ಬೆರಳು ಕೂರುವಂಥ ದಪ್ಪ ಹಿಡಿ. ಲೆನ್ಸಿನ ಮೂತಿ ಎರಡು ಬೆರಳಗಲದಷ್ಟೇ ಉದ್ದ, ನೂರೆಂಬತ್ತು ಗ್ರಾಮು. ಒಟ್ಟು ಲೆಕ್ಕ ಮೊದಲಿನದಕ್ಕಿಂತ ಹತ್ತು ಗ್ರಾಮು ಜಾಸ್ತಿಯೇ. ಕೈಯಲ್ಲಿ ಮಾತ್ರ ಅದು ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ ಕೂತಿತು.

"ಇದ್ರಲ್ಲಿ ಜೂಮ್ ಆಗಲ್ಲ ಮೇಡಂ, ಮೊದ್ಲೇ ಹೇಳ್ಬಿಡ್ತೀನಿ," ಎಂದ ಸಿದ್ದಾರ್ಥ್.

"ನಾ ಹೋಗೋ ಮನೆಗಳಲ್ಲಿ ಹಿಂದಕ್ಕೂ ಹೋಗಕ್ಕಾಗಲ್ಲ ಮುಂದಕ್ಕೂ ಹೋಗಕ್ಕಾಗಲ್ಲ. ಜೂಮ್ ತಗೊಂಡು ಯಾವ ಕಡೆ ಹೋಗ್ಲಪ್ಪ? ನಿಮ್ಮಲ್ಲಿ ಕತ್ಲೆ ಕೋಣೆ ಐತಾ?"

ಸಿದ್ದಾರ್ಥ್ ಪಿಳಿಪಿಳಿ ನೋಡಿದ. ಇಂಥ ಗಿರಾಕಿ ಅವನಿಗೆ ಹೊಸದು. ರಟ್ಟಿನ ಡಬ್ಬಗಳನ್ನು ಪೇರಿಸಿದ್ದ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಬಷೀರುನ್ನೀಸಾ ದೀಪ ಆರಿಸಿ, ಬಾಗಿಲನ್ನು ಒಂದು ಗೇಣಷ್ಟು ತೆರೆದಿಟ್ಟು, ಡಬ್ಬಗಳ ನಡುವೆ ಫರ್ಹಾಳನ್ನು ನಿಲ್ಲಿಸಿದಳು. ಜೂಮಿನದರಲ್ಲಿ ಒಂದು, ಗಿಡ್ಡ ಲೆನ್ಸಿನದರಲ್ಲಿ ಒಂದು ತೆಗೆದಳು. ಜೂಮಿನ ಚಿತ್ರದಲ್ಲಿ ಫರ್ಹಾಳ ಮುಖ ಒದ್ದೆ ಸ್ಲೇಟು ಒರೆಸಿದ ಹಾಗಿತ್ತು. ಇನ್ನೊಂದರಲ್ಲಿ ಅವಳ ಕಿವಿಯೋಲೆಯ ಹರಳು, ಅವಳ ಮುಖದ ಸಿಟ್ಟು, ಎರಡೂ ಸ್ಪಷ್ಟವಾಗಿದ್ದವು. ಅದರ ಕಣ್ಣು ಅಗಲ, ಬೆಳಕು ಜಾಸ್ತಿ ಕುಡಿಯುತ್ತದೆ.

"ಇದೇ ಇರ್ಲಿ."

"ಅಮ್ಮಿ, ಸ್ಟೇಜಿಗೆ ಇದು ಬರಲ್ಲ. ದೂರದಿಂದ ಒಂದು ಮುಖಾನೂ ಸಿಗಲ್ಲ. ಛತ್ರದ ಕೆಲ್ಸ ಎಲ್ಲಾ ಬಿಟ್ಬಿಡ್ತೀಯಾ?"

"ಬಿಟ್ಬಿಡ್ತೀನಿ. ಅದು ನಿಂದು."

"ಇಷ್ಟುದ್ದ ಲೆನ್ಸ್ ಹಿಡ್ಕೊಂಡು ಓಡಾಡ್ದೋಳು ನೀನು. ಇದ್ನ ನೋಡಿದ್ರೆ ಜನ ಏನಂತಾರೆ?"

"ಜನದ ಬಾಯಿಗೆ ಅಂತ ಹೊತ್ತು ಹೊತ್ತೇ ಈ ಕೈ ಹೋಗಿದ್ದು ಕಣೇ."

ಫರ್ಹಾ ಕ್ಯಾಮೆರಾದ ಡಬ್ಬ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ರೈಲಿನಲ್ಲಿ ಇಬ್ಬರಿಗೂ ಎದುರುಬದುರು ಸೀಟು ಸಿಕ್ಕಿತು. ತಾಯಿ ಗುಬ್ಬಿ ಬರುವ ಮೊದಲೇ ನಿದ್ದೆ ಹೋದಳು.

ಶುಕ್ರವಾರ ಹಾಲ್ಕುರಿಕೆ. ಚಿಕ್ಕಗೌರಮ್ಮನದು ಹಳೆಯ ಕಾಲದ ಮನೆ. ನಡುಮನೆಯ ತಲೆಯ ಮೇಲೆಯೇ ಕೊಬ್ಬರಿ ಅಟ್ಟ, ಅದರ ತುಂಬ ವರ್ಷದ ಕಾಯಿ ಒಣಗುತ್ತಿತ್ತು. ಮಳೆಗಾಲದಲ್ಲಿ ಕೆಳಗೆ ಹೊಗೆ ಹಾಕಿ ಹಾಕಿ ಅಟ್ಟದ ಹಲಗೆಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಅಲ್ಲಿ ಫ್ಲ್ಯಾಶ್ ಹೊಡೆದರೆ ಬೆಳಕನ್ನೆಲ್ಲ ಆ ಹಲಗೆಗಳು ನುಂಗಿ, ಜನರ ಮುಖ ಮಾತ್ರ ಸುಣ್ಣ ಬಳಿದ ಹಾಗೆ ಬರುತ್ತದೆ. ಬಷೀರುನ್ನೀಸಾಗೆ ಅದು ಆರತಿಯ ಕಾಲದಿಂದ ಗೊತ್ತು. ಫ್ಲ್ಯಾಶನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಅಂಗಳದ ಚಪ್ಪರದಲ್ಲಿ ಫರ್ಹಾ ಎಂದಿನ ಹಾಗೆ ತನ್ನ ಸ್ನೇಹಿತೆಯಿಂದ ಎರವಲು ತಂದ ದೊಡ್ಡ ಕ್ಯಾಮೆರಾ ಹಿಡಿದು ನಿಂತಿದ್ದಳು.

ಹೊಸದನ್ನು ಹೊರತೆಗೆದ ಕೂಡಲೇ ನೆಂಟರ ಹೆಂಗಸೊಬ್ಬಳು ಸೆರಗಿನಲ್ಲಿ ನಕ್ಕಳು.

"ಇದೇನ್ ಬಸೀರಮ್ಮ, ಕ್ಯಾಮ್ರಾನ ಮರಿ ಹಾಕ್ಸಿದೀಯಾ? ತಾಯಿ ಎಲ್ಲೋಯ್ತು?"

"ತಾಯಿ ಅಂಗಳದಲ್ಲಿ ಮೇಯ್ತಾ ಐತೆ. ನೀವು ಸ್ವಲ್ಪ ಈ ಕಡೆ ತಿರುಗಿ, ಒಳ್ಳೆ ನಗು ಅದು."

ಧನ್ಯಶ್ರೀಯನ್ನು ಮಣೆಯ ಮೇಲೆ ಕೂರಿಸಿ ಹಸಿರು ಬಳೆ ತೊಡಿಸಲು ತೊಡಗಿದರು. ಏಳು ತಿಂಗಳ ಹೊಟ್ಟೆ, ಊದಿದ ಕೈ, ಬಳೆ ಗೆಣ್ಣು ದಾಟುತ್ತಿರಲಿಲ್ಲ. ಬಳೆಗಾರ್ತಿ ಒತ್ತುತ್ತಿದ್ದಳು, ಹುಡುಗಿ ಹಲ್ಲು ಕಚ್ಚುತ್ತಿದ್ದಳು, ಮುದುಕಿ ಬೈಯುತ್ತಿದ್ದಳು. ಬಷೀರುನ್ನೀಸಾ ಒಂದೂವರೆ ಮಾರು ದೂರದಲ್ಲಿ ಗೋಡೆಗೆ ಬೆನ್ನು ಕೊಟ್ಟು ತೆಗೆಯುತ್ತ ಹೋದಳು. ಗಿಡ್ಡ ಲೆನ್ಸಿನಲ್ಲಿ ಬಳೆಯೂ ಬಂತು, ಹುಡುಗಿಯ ಮುಖವೂ ಬಂತು, ಹಿಂದೆ ನಿಂತ ತಾಯಿ ಕಣ್ಣೊರೆಸಿಕೊಂಡದ್ದೂ ಬಂತು.

ಒಂದು ಗಂಟೆ ಕಳೆಯಿತು. ಮಣಿಕಟ್ಟು ಮೆಲ್ಲಗೆ ಮಾತಾಡತೊಡಗಿತು. ಎಡಗೈಯನ್ನು ಬಾಡಿಯ ಅಡಿಗೆ ಕೊಟ್ಟಳು. ಒಂದೂವರೆ ಗಂಟೆಗೆ ಮಡಿಲು ತುಂಬಲು ಸಾಲು ನಿಂತರು, ಹದಿನೇಳು ಮುತ್ತೈದೆಯರು. ಹನ್ನೆರಡನೆಯವಳು ಬರುವಾಗ ಬಲಗೈ ಬೆರಳು ಜೋಮು ಹಿಡಿದು, ಗುಂಡಿ ಒತ್ತಿದೆನೋ ಇಲ್ಲವೋ ತಿಳಿಯದಾಯಿತು. ಪರದೆಯಲ್ಲಿ ನೋಡಿದಳು. ಒತ್ತಿದ್ದಳು. ಮೊಣಕೈಯನ್ನು ಪಕ್ಕೆಗೆ ಅದುಮಿ, ಉಸಿರು ಬಿಗಿಹಿಡಿದು ಮಿಕ್ಕ ಐವರನ್ನೂ ತೆಗೆದಳು. ಆರತಿ ಎತ್ತಿದ್ದನ್ನೂ ತೆಗೆದಳು. ಆಮೇಲೆ ಕ್ಯಾಮೆರಾ ಕೊರಳಿಗೆ ಬಿಟ್ಟು ಅಲ್ಲೇ ನೆಲಕ್ಕೆ ಕೂತಳು. ಕೈ ನಿಂತದ್ದು ಎರಡು ಗಂಟೆ ಹತ್ತು ನಿಮಿಷ.

ಹೊರಗೆ ಅಂಗಳದಲ್ಲಿ ಮನೆತನದವರೆಲ್ಲ ಸೇರಿ ಫೋಟೋಕ್ಕೆ ನಿಲ್ಲುತ್ತಿದ್ದರು, ಹತ್ತಿರ ಹತ್ತಿರ ಅರವತ್ತು ಜನ. ಚಿಕ್ಕಗೌರಮ್ಮ ಬಾಗಿಲಿಗೆ ಬಂದಳು.

"ಬಾರವ್ವ, ಎಲ್ರೂ ಕಾಯ್ತಾವ್ರೆ."

"ಅಂಗಳದ್ದು ಫರ್ಹಾ ತೆಗೀತಾಳೆ ಕಣಮ್ಮ. ನನ್ ಕೆಲ್ಸ ಈ ಹೊಸಿಲ ಒಳಗೆ ಆಗೋಯ್ತು."

"ಅದ್ಯಾಕೆ? ಸಿಟ್ಟಾ?"

"ಸಿಟ್ಟಲ್ಲ. ಕೈ ಇಷ್ಟೇ ಇರೋದು ಈಗ."

ಮುದುಕಿ ಅವಳ ಪಕ್ಕ ಕೂತು, ಆ ಬಲಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಮಣಿಕಟ್ಟನ್ನು ಹಿಚುಕಿ ನೋಡಿದಳು. ಊತ ಬೆರಳಿಗೆ ಸಿಕ್ಕಿತು. ಅಡಿಗೆಮನೆ ಕಡೆ ತಿರುಗಿ ಕಾಫಿಗೆ ಕೂಗಿದಳು. ಒಳಗಿಂದ ಕಾಫಿ ಬಂತು. ಬಷೀರುನ್ನೀಸಾ ಎಡಗೈಯಲ್ಲಿ ತಗೊಂಡಳು.

"ಕೂಸು ಹುಟ್ಟಿದ್ ಮ್ಯಾಕೆ ತೊಟ್ಲಿಗೆ ಬತ್ತೀಯೋ ಇಲ್ವೋ?"

"ಒಳಗೆ ಕಟ್ಟಿದ್ರೆ ನಾನ್ ಬತ್ತೀನಿ. ಚಪ್ಪರದಲ್ಲಿ ಕಟ್ಟಿದ್ರೆ ಫರ್ಹಾ ಬತ್ತಾಳೆ."

"ಅಟ್ಟದ ಜಂತೆಗೇ ಕಟ್ಟಾಣ ಬುಡು," ಎಂದಳು ಚಿಕ್ಕಗೌರಮ್ಮ. "ನಮ್ಮತ್ತೆ ಕಾಲ್ದಲ್ಲೂ ಅಲ್ಲೇ ಕಟ್ತಿದ್ದಿದ್ದು. ಆದ್ರೆ ಎಲ್ಡ್ ಗಂಟೆ ಹೊತ್ತು ಸಾಸ್ತ್ರ ಎಳ್ಯಾಕಿಲ್ಲ, ಒಂದ್ ಗಂಟೇಲಿ ಮುಗುಸ್ತೀವಿ. ಸಾಕಾ?"

"ಒಂದು ಗಂಟೆ ನಿಲ್ತದೆ," ಎಂದಳು ಬಷೀರುನ್ನೀಸಾ. ಕಾಫಿ ಮುಗಿಸಿ, ಲೆನ್ಸಿಗೆ ಮುಚ್ಚಳ ಹಾಕಿದಳು.