ಫುನಾಬೊರಿಯ ಬಾಡಿಗೆ ಮನೆ ಮತ್ತು ಒಂದು ಡಬ್ಬಿ ಸಿಹಿ

ಕೊರೊನಾ ಗಲಾಟೆ ತಣ್ಣಗಾಗಿ ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ ವರ್ಷ ಅದು. ನಾನಾಗ ಟೋಕಿಯೋದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕಿ. ಮೈಸೂರಿನಲ್ಲಿ ಕಾನೂನು ಓದಿ, ವಿದ್ಯಾರ್ಥಿವೇತನ ಹಿಡಿದು ಇಲ್ಲಿಗೆ ಬಂದವಳು ಜನಾಂಗೀಯ ಅಸಮಾನತೆಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡೆ. ಜೊತೆಯವರು ತೆರಿಗೆ, ಕಂಪನಿ ಕಾನೂನು ಎಂದು ಲಕ್ಷಣವಾದ ವಿಷಯಗಳನ್ನು ಹಿಡಿದು ಸುಖವಾಗಿದ್ದರು. ನನಗೆ ಮಾತ್ರ ವರ್ಷಕ್ಕೊಬ್ಬರಾದರೂ ಬಂದು, ಈ ದೇಶದಲ್ಲಿ ಅಂಥ ಸಮಸ್ಯೆಯೇ ಇಲ್ಲವಲ್ಲ ಎಂದು ಬಹಳ ವಿನಯದಿಂದ ತಿಳಿಸಿ ಹೋಗುತ್ತಿದ್ದರು.

ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ಜನಾಂಗದ ಕಾರಣಕ್ಕೆ ಮನೆ ಬಾಡಿಗೆಗೆ ಕೊಡದ ಖಾಸಗಿ ವ್ಯಕ್ತಿಯನ್ನು ನೇರವಾಗಿ ಹಿಡಿಯುವ ಪ್ರತ್ಯೇಕ ಕಾನೂನು ಜಪಾನಿನಲ್ಲಿ ಇಲ್ಲ. ನೊಂದವರು ಸಿವಿಲ್ ಕೋರ್ಟಿಗೆ ಹೋಗಿ, ಇದರಿಂದ ನನಗೆ ಮಾನಸಿಕ ವೇದನೆಯಾಗಿದೆ, ಪರಿಹಾರ ಕೊಡಿಸಿ ಎಂದು ಕೇಳಬೇಕು. ಸಾಕ್ಷ್ಯ ಸಿಗುವುದೇ ಕಷ್ಟ. ‘ಬೇಡ’ ಎಂದು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆ ಈಗಷ್ಟೇ ಹೋಯಿತು, ಕ್ಷಮಿಸಿ ಎಂದು ತಲೆಬಾಗುತ್ತಾರೆ.

ಶ್ವೇತಾಳ ಪ್ರಕರಣ ಹಾಗಿರಲಿಲ್ಲ. (ಹೆಸರುಗಳನ್ನು ಬದಲಿಸಿದ್ದೇನೆ.) ಆಕೆಯ ಗಂಡ ಸಾಫ್ಟ್‌ವೇರ್ ಕಂಪನಿಯ ಕೆಲಸದ ಮೇಲೆ ಬಂದವನು, ಟೋಕಿಯೋದ ಪೂರ್ವದಂಚಿನ ಫುನಾಬೊರಿಯಲ್ಲಿ ಸಂಸಾರ. ನಾಲ್ಕನೇ ತರಗತಿಯ ಮಗಳು ಅನ್ವಿ ಇಲ್ಲೇ ಹುಟ್ಟಿದವಳು, ಜಪಾನಿ ಶಾಲೆಗೆ ಹೋಗುವವಳು. ಅವರಿದ್ದ ಕಟ್ಟಡ ಕೆಡವುತ್ತಾರೆಂದಾಗ ಶಾಲೆಯ ಹತ್ತಿರವೇ ಇನ್ನೊಂದು ಮನೆ ನೋಡಿದರು, ಇವರಿಗೆ ಒಪ್ಪಿಗೆಯಾಯಿತು. ಏಜೆಂಟ್ ಹುಡುಗ ಅವರ ಎದುರೇ ಫೋನಿನ ಸ್ಪೀಕರ್ ಹಾಕಿ ಆ ಮನೆಯ ಒಡತಿಗೆ ಕರೆಮಾಡಿದ. ಶ್ವೇತಾಳ ಜಪಾನಿ ಅಂಗಡಿ ಆಸ್ಪತ್ರೆಗಷ್ಟೇ ಸಾಲುವಂಥದ್ದು. ಏನಂದರೆಂದು ಮಗಳನ್ನು ಕೇಳಿದಳು.

“ಇಂಡಿಯನ್ಸ್ ಬೇಡ್ವಂತೆ, ಅಮ್ಮ. ನಮ್ ಕುಕಿಂಗ್ ಸ್ಮೆಲ್ ವಾಲ್ಸ್‌ಗೆ ಹಿಡಿಯುತ್ತಂತೆ” ಎಂದಳು ಮಗು.

ಅಂದಿನಿಂದ ಅನ್ವಿ ರೈಲಿನಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದಳು. ಶಾಲೆಗೆ ಹೊರಡುವ ಮುಂಚೆ ತನ್ನ ಸ್ವೆಟರ್ ಮೂಸಿ ನೋಡಿಕೊಳ್ಳುತ್ತಿದ್ದಳು. ಪರಿಚಯದವರೊಬ್ಬರು ಶ್ವೇತಾಳನ್ನು ನನ್ನ ಬಳಿ ಕಳಿಸಿದಾಗ ಆಕೆ ಕೇಳಿದ್ದು ಮನೆಯನ್ನಲ್ಲ, ದುಡ್ಡನ್ನೂ ಅಲ್ಲ.

“ಅವರು ಮಾಡಿದ್ದು ತಪ್ಪು ಅಂತ ಒಬ್ರು ಜಡ್ಜ್ ಹೇಳ್ಬೇಕು, ಮೇಡಂ. ನಾನ್ ಹೇಳಿದ್ರೆ ಇವಳು ನಂಬಲ್ಲ. ಜಪಾನೀಸ್ ಜಡ್ಜೇ ಹೇಳಿದ್ರೆ ನಂಬ್ತಾಳೆ.”

ನನ್ನ ಪರಿಚಯದ ವಕೀಲ ಮೋರಿ ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ) ಒಡತಿಯ ಮೇಲೆ ಮೊಕದ್ದಮೆ ಹೂಡಿದರು. ನಾನು ತಜ್ಞರ ಅಭಿಪ್ರಾಯ ಬರೆದುಕೊಟ್ಟೆ. ಏಜೆಂಟ್ ಹುಡುಗ ಪಾಪ, ಸುಳ್ಳು ಹೇಳದ ಜಾತಿ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಹೇಳಲು ಒಪ್ಪಿಕೊಂಡ. ಇಷ್ಟು ಗಟ್ಟಿಯಾದ ಪ್ರಕರಣ ನನ್ನ ಕೈಗೆ ಅದುವರೆಗೆ ಬಂದಿರಲಿಲ್ಲ. ಏನೇ ಬಂದರೂ ಸಹಿ ಮಾಡಬೇಡಿ, ಕೇಸಿನ ಬಗ್ಗೆ ಎದುರಾಳಿಯೊಡನೆ ಒಂದು ಮಾತೂ ಆಡಬೇಡಿ ಎಂದು ಮೋರಿ ಸಾನ್ ಶ್ವೇತಾಳಿಗೆ ಎರಡೆರಡು ಸಲ ಎಚ್ಚರಿಸಿದ್ದರು.

ಮೊದಲ ವಿಚಾರಣೆಗೆ ಮುಂಚೆ ಆಕೆ ನನಗೆ ಫೋನು ಮಾಡಿದಳು. ದನಿಯಲ್ಲಿ ಗೆಲುವಿತ್ತು.

“ಆ ಮನೆ ಓನರಮ್ಮ ನಮ್ಮನೆಗೆ ಬಂದಿದ್ರು, ಮೇಡಂ. ಎಂಬತ್ತಾಗಿದೆಯೇನೋ, ಬಾಗಿಲಲ್ಲೇ ಸೊಂಟ ಬಗ್ಗಿಸಿ ನಿಂತ್ಬಿಟ್ರು. ಕೈಯಲ್ಲಿ ಸ್ವೀಟ್ ಬಾಕ್ಸ್. ವಯಸ್ಸಾದೋರನ್ನ ಹೊರಗೆ ನಿಲ್ಲಿಸಕ್ಕಾಗುತ್ತಾ? ಒಳಗೆ ಕರೆದು ಕಾಫಿ ಕೊಟ್ಟೆ. ಹೊರಡೋವಾಗ ಕುಂಕುಮ ಇಟ್ಟು, ಬರಿಗೈಲಿ ಕಳಿಸಬಾರದು ಅಂತ ಚಕ್ಕುಲಿ ಕಟ್ಟಿಕೊಟ್ಟೆ. ಕೇಸಿನ ಮಾತು ಎತ್ತಲೇ ಇಲ್ಲ, ಸೈನೂ ಮಾಡಿಲ್ಲ.”

ಜಪಾನಿನಲ್ಲಿ ತಪ್ಪು ಮಾಡಿದವರು ಸಿಹಿಯ ಡಬ್ಬಿ ಹಿಡಿದು ನೊಂದವರ ಬಾಗಿಲಿಗೆ ಬರುತ್ತಾರೆ. ಮನಸ್ಸು ಇನ್ನೂ ಒಪ್ಪದಿದ್ದರೆ ನೊಂದವರು ಡಬ್ಬಿಯನ್ನು ಮುಟ್ಟುವುದಿಲ್ಲ. ತಗೊಂಡು ಹೋಗಿ ಎನ್ನುತ್ತಾರೆ. ತೆಗೆದುಕೊಂಡರೆ ಕ್ಷಮಿಸಿದಂತೆ. ಇವಳು ತೆಗೆದುಕೊಂಡದ್ದಷ್ಟೇ ಅಲ್ಲ, ತಾಂಬೂಲ ಕೊಟ್ಟು ಕಳಿಸಿದ ಹಾಗೆ ಕಳಿಸಿದ್ದಳು. ನಮ್ಮಲ್ಲಿ ಸೊಸೆಯಂದಿರಿಗೆ ಕಲಿಸುವ ಒಳ್ಳೆಯ ನಡತೆಯನ್ನೆಲ್ಲ ಆಕೆ ಒಂದೇ ಮಧ್ಯಾಹ್ನದಲ್ಲಿ ತೋರಿಸಿ ಮುಗಿಸಿದ್ದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಮೋರಿ ಸಾನ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾನೂನಿನಲ್ಲಿ ಡಬ್ಬಿಗೆ ಬೆಲೆಯಿಲ್ಲ, ಆದರೆ ಜಡ್ಜ್ ಕೂಡ ಇದೇ ಊರಿನವರಲ್ಲವೇ ಎಂದರು.

ಹಾಗೇ ಆಯಿತು. ಎದುರು ವಕೀಲರು ಭೇಟಿಯ ವಿವರ ಹೇಳಿ, ಎರಡೂ ಕಡೆಯವರ ಸಂಬಂಧ ಸರಿಹೋಗಿದೆ ಎಂದು ವಾದಿಸಿದರು. ನ್ಯಾಯಾಧೀಶರು ರಾಜಿಯ ಸಲಹೆ ಕೊಟ್ಟು, ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಸಣ್ಣ ಕೋಣೆಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ನಡೆದದ್ದನ್ನು ಮೋರಿ ಸಾನ್ ಆಮೇಲೆ ಹೇಳಿದರು. ಆ ಅಜ್ಜಿಯ ಮೇಲೆ ನಿಮಗೆ ಈಗಲೂ ಕೋಪವಿದೆಯೇ ಎಂದು ನ್ಯಾಯಾಧೀಶರು ದುಭಾಷಿಯ ಮೂಲಕ ಕೇಳಿದ್ದರು. ಶ್ವೇತಾ ನಿಜವನ್ನೇ ಹೇಳಿದ್ದಳು: ಕೋಪವಿಲ್ಲ.

ಕೋಪವಿಲ್ಲದ ಮೇಲೆ ವೇದನೆ ಎಲ್ಲಿಂದ ಬರಬೇಕು? ತೀರ್ಪಿಗೇ ಪಟ್ಟು ಹಿಡಿದರೆ ಸೋಲುವ ಸಂಭವವೇ ಹೆಚ್ಚು ಎಂದು ಮೋರಿ ಸಾನ್ ಬಿಡಿಸಿ ಹೇಳಿದರು. ಜಪಾನಿನ ಜಡ್ಜೇ ‘ತಪ್ಪೇನೂ ಇಲ್ಲ’ ಎಂದುಬಿಟ್ಟರೆ ಮಗಳ ಗತಿ ಏನೆಂದು ಹೆದರಿ ಶ್ವೇತಾ ರಾಜಿಗೆ ಒಪ್ಪಿದಳು. ರಾಜಿಯಾದರೆ ತೀರ್ಪಿಲ್ಲ. ಯಾರು ಮಾಡಿದ್ದು ಸರಿ, ಯಾರದು ತಪ್ಪು ಎಂದು ಯಾರೂ ಹೇಳುವುದಿಲ್ಲ. ನನ್ನ ಅಭಿಪ್ರಾಯವನ್ನು ನ್ಯಾಯಾಧೀಶರು ಓದಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಶಾಲೆಯ ಹತ್ತಿರದ ಆ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಕೋರ್ಟಿನ ಮೆಟ್ಟಿಲಿಳಿಯುವಾಗ ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಇಷ್ಟು ವರ್ಷ ಏನು ಮಾಡಿದೆ ಎನ್ನಿಸಿ ಸುಸ್ತಾಯಿತು.

ಕೆಲವು ತಿಂಗಳ ಮೇಲೆ ಶ್ವೇತಾ ಟೋಕಿಯೋದ ಪಕ್ಕದ ಉರಯಾಸುವಿನಿಂದ ಫೋನು ಮಾಡಿದಳು. ಮನೆ ಸಿಕ್ಕಿತ್ತು, ಅನ್ವಿಗೆ ಹೊಸ ಶಾಲೆ. ಈ ಸಲ ತೊಂದರೆ ಆಗಲಿಲ್ಲವೇ ಎಂದು ಕೇಳಿದೆ.

“ಇಲ್ಲ ಮೇಡಂ, ಈ ಓನರ್ ಏನೂ ಕೇಳಲೇ ಇಲ್ಲ” ಎಂದಳು. “ಅನ್ವಿನೇ ಮೊದಲು ಹೇಳ್ಬಿಟ್ಟಳು. ನಮ್ಮನೇಲಿ ಒಗ್ಗರಣೆ ಹಾಕಲ್ಲ, ವಾಸನೆ ಬರಲ್ಲ ಅಂತ. ಕೈಕಟ್ಟಿ ನಿಂತು ತಲೆ ಬಗ್ಗಿಸಿದಳು. ಅವರಿಗೇ ಮುಜುಗರ ಆಯ್ತು.”

ಈಗ ಏನು ಮಾಡುತ್ತೀ ಎಂದೆ.

“ಏನ್ ಮಾಡೋದು. ಹಾಕ್ತಿಲ್ಲ.”

ಯಾರು ಯಾರಿಗೆ ಮನೆ ಕೊಡಲಿಲ್ಲ, ಯಾವ ಕೋರ್ಟು ಏನೆಂದಿತು ಎಂದು ಬರೆಯುತ್ತಲೇ ನನ್ನ ವೃತ್ತಿ ಕಳೆಯಿತು. ಬೇಡ ಎನ್ನುವವರು ಒಂದೇ ಒಂದು ಸಲ ಅಂದರೆ ಸಾಕು, ಆಮೇಲಿನದನ್ನು ಅನ್ನಿಸಿಕೊಂಡ ಮಗುವೇ ತಾನಾಗಿ ನಡೆಸಿಕೊಂಡು ಹೋಗುತ್ತದೆ. ಕೆಲಸ ನನಗೆ ಕಲಿಸಿದ ಪಾಠ ಇದು. ಆ ಮಗುವಿನ ಪರವಾಗಿ ಯಾರ ಮೇಲೆ ಮೊಕದ್ದಮೆ ಹೂಡಬೇಕು ಎಂಬುದು ನನಗೆ ತಿಳಿಯಲಿಲ್ಲ.