ಶಾಲೆ ತಡವಾಗಿ ತೆರೆದ ವರ್ಷ

ಕಳೆದ ವಾರ ನಮ್ಮೂರ ಹೈಸ್ಕೂಲಿನಲ್ಲಿ ಪಾಲಕರ ಸಭೆ ನಡೆಯಿತು. ಊರಿನ ಅಂಗನವಾಡಿ ಟೀಚರ್ ಆದ್ದರಿಂದ ನನಗೂ ಹಿಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಚರ್ಚೆಯ ವಿಷಯ ಒಂದೇ: ಮುಂಜಾನೆ ಎಂಟೂವರೆಗೆ ಶುರುವಾಗುವ ಶಾಲೆಯನ್ನು ಹತ್ತು ಗಂಟೆಗೆ ಮಾಡಬೇಕೋ ಬೇಡವೋ. ಮಾಡಲೇಬೇಕು ಎಂದು ಎದ್ದು ನಿಂತು ವಾದಿಸಿದವನು ಅದೇ ಶಾಲೆಯ ಅತಿಥಿ ಶಿಕ್ಷಕ, ನನ್ನ ತಮ್ಮ. ಬೆಳೆಯುವ ಮಕ್ಕಳಿಗೆ ನಿದ್ದೆ ಎಷ್ಟು ಮುಖ್ಯ ಎಂದು ಮೈಕ್ ಹಿಡಿದು ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ಈ ಭಾಷಣವನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೇನೆ, ಇದೇ ಅಂಗಳದಲ್ಲಿ, ಇದೇ ಬೇವಿನ ಮರದ ಕೆಳಗೆ. ಆಗ ನಾನು ಹತ್ತನೆಯ ತರಗತಿಯಲ್ಲಿದ್ದೆ, ಮತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಗಿದೆ. ಕೆನಾಲಿನ ನೀರು ಹತ್ತುವ ಕಡೆ ಭತ್ತ, ಹತ್ತದ ಕಡೆ ಹತ್ತಿ. ನಮ್ಮದು ಎನ್ನುವ ಹೊಲ ನಮಗಿರಲಿಲ್ಲ. ಅಪ್ಪ ಕಡೇಚೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೂಲಿಗಿದ್ದ, ಹಬ್ಬಕ್ಕೋ ಹುಣ್ಣಿಮೆಗೋ ಬಂದು ಹೋಗುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಮತ್ತು ನನಗಿಂತ ಒಂದು ವರ್ಷ ಚಿಕ್ಕವನಾದ ಈ ತಮ್ಮ. ನಾನು ಹತ್ತನೆಯ ತರಗತಿ, ಅವನು ಒಂಬತ್ತನೆಯದು, ಒಂದೇ ಶಾಲೆ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಪೇಪರಿನಲ್ಲಿ ನಮ್ಮ ಜಿಲ್ಲೆಯ ಹೆಸರನ್ನು ಕೆಳಗಿನಿಂದ ಹುಡುಕುವುದು ಇಲ್ಲಿ ಎಲ್ಲರಿಗೂ ರೂಢಿ. ಹಾಗೆ ಸಿಕ್ಕಾಗಲೆಲ್ಲ ದೊಡ್ಡವರಿಗೆ ಹೊಳೆಯುವ ಉಪಾಯವೂ ಒಂದೇ: ಮಕ್ಕಳನ್ನು ಇನ್ನಷ್ಟು ಬೇಗ ಎಬ್ಬಿಸುವುದು. ಆ ವರ್ಷ ಹೆಡ್‌ಮಾಸ್ತರರು ಇಡೀ ಹೈಸ್ಕೂಲನ್ನು ಎಂಟೂವರೆಗೆ ತಂದರು. ಅದು ಸಾಲದು ಎಂದು ಮಾಸ್ತರರು ನಸುಕಿನಲ್ಲಿ ಮನೆಮನೆಗೆ ಫೋನ್ ಮಾಡಿ ಹುಡುಗರು ಎದ್ದಿದ್ದಾರೋ ಇಲ್ಲವೋ ಎಂದು ವಿಚಾರಿಸುವ ಪದ್ಧತಿಯೂ ಬಂತು. ನಮ್ಮ ಮನೆಯಲ್ಲಿ ಫೋನ್ ಎತ್ತುತ್ತಿದ್ದವಳು ಅವ್ವ. "ಎದ್ದಾಳ್ರಿ ಸರ," ಎನ್ನುತ್ತಿದ್ದಳು. ಸುಳ್ಳೇನಲ್ಲ, ನಾನು ಎದ್ದು ಅಂಗಳ ಗುಡಿಸುತ್ತಿದ್ದೆ. ಓದುತ್ತಿದ್ದಾಳೆಯೇ ಎಂದು ಅವರು ಕೇಳುವಷ್ಟರಲ್ಲಿ ಅವ್ವ ಫೋನ್ ಇಟ್ಟಾಗಿರುತ್ತಿತ್ತು. ಎದ್ದವರೆಲ್ಲ ಓದುತ್ತಾರೆ ಎಂದು ತಿಳಿದವರು ಗಂಡಸರೇ ಇರಬೇಕು.

ಕಸ ಗುಡಿಸಿ, ನೀರು ತಂದು, ಪಾತ್ರೆ ಬೆಳಗಿ, ತಮ್ಮನ ಡಬ್ಬಿ ಕಟ್ಟಿ ನಾನು ಶಾಲೆಗೆ ಓಡುತ್ತಿದ್ದೆ. ಎರಡನೆಯ ಪೀರಿಯಡ್ಡಿಗೆ ಕಣ್ಣು ಮುಚ್ಚುತ್ತಿತ್ತು. ಆದರೂ ಓದುವುದರಲ್ಲಿ ಕೆಟ್ಟವಳೇನಲ್ಲ. ನನಗೆ ನರ್ಸ್ ಆಗುವ ಹುಚ್ಚಿತ್ತು. ಸುರಪುರದ ಆಸ್ಪತ್ರೆಯಲ್ಲಿ ಒಮ್ಮೆ ಅವ್ವನನ್ನು ಮಲಗಿಸಿದ್ದಾಗ ಅಲ್ಲಿನ ನರ್ಸ್ ಒಬ್ಬರು ನೆಂಟರ ಗುಂಪನ್ನೆಲ್ಲ ಒಂದೇ ಮಾತಿನಲ್ಲಿ ಹೊರಗೆ ಕಳಿಸಿದ್ದನ್ನು ನೋಡಿದ್ದೆ. ಹೆಂಗಸಿನ ಮಾತಿಗೆ ಗಂಡಸರು ಎದ್ದು ಹೋಗುವುದನ್ನು ನಾನು ಕಂಡದ್ದು ಅದೇ ಮೊದಲು. ಹತ್ತನೆಯದರಲ್ಲಿ ಒಳ್ಳೆಯ ಅಂಕ ಬಂದರೆ ಶಹಾಪುರದಲ್ಲಿ ಪಿಯುಸಿ ಸೈನ್ಸ್, ಆಮೇಲೆ ನರ್ಸಿಂಗ್. ಅವ್ವನೂ ಒಪ್ಪಿದ್ದಳು. ಅಂಕ ಬರದಿದ್ದರೆ ಸೈನ್ಸ್ ಇಲ್ಲ, ಇದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷವೇ ಮೈಸೂರು ಕಡೆಯಿಂದ ಒಬ್ಬ ವಿಜ್ಞಾನದ ಮಾಸ್ತರರು ವರ್ಗವಾಗಿ ಬಂದಿದ್ದರು. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳುತ್ತಿತ್ತಂತೆ. ತರಗತಿಯಲ್ಲಿ ತೂಕಡಿಸುವವರನ್ನು ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಯಾಕೆ ಎಂದು ಯೋಚಿಸಿದರು. ಅಂಥವರು ನಮ್ಮಲ್ಲಿ ಅಪರೂಪ. ದಸರಾ ರಜೆ ಮುಗಿದ ಮೇಲೆ ಪಾಲಕರ ಸಭೆ ಕರೆಸಿ, ಈ ವಯಸ್ಸಿನ ಮಕ್ಕಳ ನಿದ್ದೆಯನ್ನು ಕದಿಯುವುದು ಪಾಪ, ಶಾಲೆ ಹತ್ತಕ್ಕೆ ಶುರುವಾಗಲಿ, ವಿಶೇಷ ಪಾಠ ಬೇಕಾದರೆ ಸಂಜೆ ಮಾಡೋಣ ಎಂದರು. ಹೆಡ್‌ಮಾಸ್ತರರು ಕೆಮ್ಮಿದರು. ಶಾಲಾ ಸಮಿತಿಯ ಅಧ್ಯಕ್ಷರು ಮಾತ್ರ ತಟ್ಟನೆ ಎದ್ದು, "ಮಕ್ಕಳು ಮಲಗಲಿ ಬಿಡ್ರಿ, ಖರೇ ಮಾತು ಹೇಳ್ಯಾರ ಸರ," ಎಂದು ಒಪ್ಪಿಬಿಟ್ಟರು. ಎಂದೂ ಯಾವುದಕ್ಕೂ ತಟ್ಟನೆ ಒಪ್ಪದ ಮನುಷ್ಯ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹತ್ತಿ ಹಾಕಿದವರು ಅವರೇ, ಮತ್ತು ಹತ್ತಿ ಆಗ ತಾನೇ ಒಡೆಯಲು ಶುರುವಾಗಿತ್ತು. ಈ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಆ ದಿನ ಅಲ್ಲಿ ಯಾರಿಗೂ ಇರಲಿಲ್ಲ. ನಾನಂತೂ ಕೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದೆ.

ಮನೆಗೆ ಬರುತ್ತ ತಮ್ಮನಿಗೆ ಹೇಳಿದೆ, ಇನ್ನು ಮೇಲೆ ನಾನು ಏಳು ಗಂಟೆಯ ತನಕ ಮಲಗುವವಳೇ ಎಂದು. ಅವನು, "ನಾ ಒಂಬತ್ತರ ತನಕ," ಎಂದ. ಇಬ್ಬರೂ ನಕ್ಕೆವು.

ಸೋಮವಾರ ಹೊಸ ಹೊತ್ತು ಜಾರಿಗೆ ಬಂತು. ಅಂದು ಇನ್ನೂ ಬೆಳಕು ಹರಿದಿರಲಿಲ್ಲ, ಓಣಿಯಲ್ಲಿ ಟಂಟಂ ಗಾಡಿಯ ಸದ್ದು. ಕೂಲಿ ಹೆಂಗಸರನ್ನು ತುಂಬಿಕೊಂಡು ಹೊಲಕ್ಕೆ ಹೋಗುವ ಗಾಡಿ ಅದು. ಅವ್ವ ದಿನವೂ ಅದರಲ್ಲೇ ಹೋಗುತ್ತಿದ್ದಳು. ಕೂಲಿ ಗುಂಪಿನ ಮುಂದಾಳು, ಗಟ್ಟಿ ಗಂಟಲಿನ ಹೆಂಗಸು, ನಮ್ಮ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ್ದು ಹಾಸಿಗೆಯಲ್ಲಿದ್ದ ನನಗೂ ಕೇಳಿಸಿತು.

"ನಿನ್ನ ಮಗಳನ್ನೂ ಕರಕೊಂಡು ಬಾ ಬೇ. ಶಾಲಿ ಹತ್ತಕ್ಕಲ್ಲ ಈಗ? ಒಂಬತ್ತೂವರಿಗೆ ತಂದು ಬಿಡ್ತೀನಿ."

ಅವ್ವ ಒಳಗೆ ಬಂದು ನನ್ನ ಕಂಬಳಿ ಎಳೆದಳು.

"ಏಳ, ಜಲ್ದಿ ಏಳ. ಶಾಲಿ ಅರಿಬಿ ಚೀಲದಾಗ ಹಾಕ್ಕೋ."

ಹತ್ತಿ ಬಿಡಿಸಲು ಮುಂಜಾನೆಯ ಹೊತ್ತೇ ಒಳ್ಳೆಯದು. ಬಿಸಿಲೇರಿದರೆ ಒಣಗಿದ ಎಲೆ ಪುಡಿಯಾಗಿ ಹತ್ತಿಗೆ ಅಂಟಿಕೊಳ್ಳುತ್ತದೆ, ಮಂಜಿನ ಹೊತ್ತಿನಲ್ಲಿ ಬಿಡಿಸಿದ್ದು ಬೆಳ್ಳಗೆ ಉಳಿಯುತ್ತದೆ. ಅದಕ್ಕೇ ಹೊಲದವರಿಗೆ ನಸುಕಿನಲ್ಲಿ ಎಷ್ಟು ಕೈ ಸಿಕ್ಕರೂ ಸಾಲದು. ನಾನು ಬಗ್ಗಿ ನಿಂತು ಸುತ್ತ ನೋಡಿದೆ. ನನ್ನ ತರಗತಿಯ ಹುಡುಗಿಯರಲ್ಲಿ ಮುಕ್ಕಾಲು ಪಾಲು ಅದೇ ಹೊಲದಲ್ಲಿದ್ದರು. ಎಲ್ಲರ ಸೊಂಟಕ್ಕೂ ಬಟ್ಟೆಯ ಜೋಳಿಗೆ, ಬದುವಿನ ಮೇಲೆ ಸಾಲಾಗಿ ಶಾಲೆಯ ಚೀಲಗಳು. ಹುಡುಗರು ಒಬ್ಬರೂ ಇರಲಿಲ್ಲ. ಹೊಲ ಅಧ್ಯಕ್ಷರದೇ. ಅವರೂ ಬಂದಿರಲಿಲ್ಲ, ಮಲಗಿದ್ದಿರಬೇಕು.

ಪಂಪ್‌ಸೆಟ್ಟಿನ ಕೋಣೆಯಲ್ಲಿ ಸರದಿಯಂತೆ ಯೂನಿಫಾರ್ಮ್ ಹಾಕಿಕೊಂಡು ನಾವು ಅದೇ ಟಂಟಂನಲ್ಲಿ ಶಾಲೆಗೆ ಬಂದೆವು. ಹತ್ತಿಯ ಕಾಯಿಯ ಚೂಪು ತುದಿ ಕೈಯೆಲ್ಲ ಗೀರಿತ್ತು, ಪೆನ್ನು ಹಿಡಿದರೆ ಉರಿಯುತ್ತಿತ್ತು. ಮೊದಲ ಪೀರಿಯಡ್ಡೇ ವಿಜ್ಞಾನ. ನಾನು ಬೆಂಚಿನ ಮೇಲೆ ತಲೆ ಇಟ್ಟದ್ದು ನನಗೇ ಗೊತ್ತಾಗಲಿಲ್ಲ. ಮಾಸ್ತರರು ಬೆನ್ನು ತಟ್ಟಿ ಎಬ್ಬಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು.

"ಹತ್ತು ಗಂಟೆಗೆ ಶಾಲೆ ಮಾಡಿದ್ರೂ ನಿದ್ದೆನಾ ಅಮ್ಮಾ? ರಾತ್ರಿಯೆಲ್ಲ ಟೀವಿ ನೋಡ್ತೀರಾ?"

ಹುಡುಗರು ನಕ್ಕರು. ಸೊಂಪಾಗಿ ನಿದ್ದೆ ಮಾಡಿ ಬಂದ ಮುಖಗಳು, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವರಿಗೆ ಮನೆಯಲ್ಲೇ ಸಿಗುತ್ತಿತ್ತು, ಸಂತೆಗೆ ಹೋಗುವ ತ್ರಾಸೂ ಇರಲಿಲ್ಲ.

ದೀಪಾವಳಿ ಕಳೆಯಿತು, ಎಳ್ಳಮಾವಾಸ್ಯೆ ಹತ್ತಿರ ಬಂತು, ಹೊಲದ ಕೆಲಸ ಮುಗಿಯಲಿಲ್ಲ. ಹತ್ತಿ ಒಮ್ಮೆಗೇ ಒಡೆಯುವ ಬೆಳೆಯಲ್ಲ, ಬಿಡಿಸಿದಷ್ಟೂ ಮತ್ತೆ ಒಡೆಯುತ್ತದೆ. ಮೊದಲು ಗಣಿತದಲ್ಲಿ ಹಿಂದೆ ಬಿದ್ದೆ, ಆಮೇಲೆ ವಿಜ್ಞಾನದಲ್ಲಿ. ಸಂಜೆಯ ವಿಶೇಷ ಪಾಠ ನಡೆಯಿತು, ಹುಡುಗರಿಗೆ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಬಿಡುವ ಮನೆ ನಮ್ಮೂರಲ್ಲಿ ಯಾವುದಿತ್ತು?

ಒಂದು ದಿನ ಧೈರ್ಯ ಮಾಡಿ ಮಾಸ್ತರರ ಕೋಣೆಗೆ ಹೋದೆ. "ಸರ, ಶಾಲಿ ಮದಲಿನಂಗ ಎಂಟೂವರಿಗೇ ಮಾಡ್ರಿ," ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಹೊಲದ ವಿಷಯ ಹೇಳಿದೆ. ಅವರಿಗೆ ನಿಜಕ್ಕೂ ಸಂಕಟವಾಯಿತು, ಅದನ್ನು ಸುಳ್ಳು ಎನ್ನಲಾರೆ. "ಶಾಲೆಯ ಹೊತ್ತು ಬದಲಾಯಿಸೋದು ಯಾಕೆ? ನಿಮ್ಮ ತಾಯಿಗೆ ನಾನು ಹೇಳ್ತೀನಿ," ಎಂದರು. ಅಂದು ಸಂಜೆಯೇ ಮನೆಗೆ ಬಂದು, ಹೊರಸಿನ ತುದಿಯಲ್ಲಿ ಕೂತು, ಚಹಾ ಕುಡಿದು, ನಿದ್ದೆಯ ಮಹತ್ವ ವಿವರಿಸಿದರು. ಅವ್ವ ಸೆರಗು ಹೊದ್ದು ಕೈ ಮುಗಿದು ನಿಂತು, "ಹೌದ್ರಿ ಸರ, ಮಲಗಸ್ತೀನ್ರಿ," ಎಂದಳು. ಮರುದಿನ ನಸುಕಿಗೆ ಮತ್ತೆ ಕಂಬಳಿ ಎಳೆದಳು.

ನಾನು ಅತ್ತೆ. ಸರ್‌ಗೆ ಮಾತು ಕೊಟ್ಟಿದ್ದೆಯಲ್ಲ ಎಂದು ಕೂಗಾಡಿದೆ. ಅವ್ವ ಹೊಡೆಯಲಿಲ್ಲ. ಹೊಸ್ತಿಲ ಮೇಲೆ ಕೂತು ಮೆಲ್ಲಗೆ ಹೇಳಿದಳು:

"ಆ ಟಂಟಂದಾಕಿ ಮದಲೂ ನಿನ್ನ ಕರಿಯಾಕ ಬರ್ತಿದ್ಲು. ಶಾಲಿ ಐತ್ರಿ ಅಂತ ಹೇಳ್ತಿದ್ದೆ, ಬಾಯಿ ಮುಚಗೊಂಡು ಹೋಗ್ತಿದ್ಲು. ಈಗ ಏನಂತ ಹೇಳ್ಲಿ? ಹೆಣ್ಣು ಹುಡುಗಿ ಮಲಕೊಂಡಾಳ ಅಂತ ಹೇಳಾಕ ಬರ್ತದೇನು ಊರಾಗ? ನಾಳಿಂದ ನನ್ನನ್ನೂ ಕರಿಯೂದು ಬಿಡ್ತಾಳ."

ನಾನು ದಸರೆಯ ತನಕ ಶಪಿಸಿದ ಎಂಟೂವರೆಯ ಶಾಲೆಯೇ ನನ್ನ ಬಾಗಿಲಿಗೆ ಅಗಳಿಯಾಗಿತ್ತು. ಶಾಲೆಗೆ ಹೋಗಿದ್ದಾಳೆ ಎಂದರೆ ನಮ್ಮೂರು ಒಪ್ಪುತ್ತದೆ. ಜ್ವರ ಬಂದಿದೆ ಎಂದರೂ ಒಪ್ಪೀತು. ಹುಡುಗಿ ಸುಮ್ಮನೆ ನಿದ್ದೆ ಮಾಡುತ್ತಿದ್ದಾಳೆ ಎಂದರೆ ಅವಳ ತಾಯಿಯ ಬಾಳ್ವೆಯನ್ನೇ ಅನುಮಾನಿಸುತ್ತದೆ. ಮಾಸ್ತರರು ಒಳ್ಳೆಯವರೇ. ನಮಗೆ ಒಂದೂವರೆ ತಾಸು ತಂದುಕೊಟ್ಟರು, ಅದು ನಮ್ಮ ಕೈ ತಪ್ಪಿ ಹೋಗದಂತೆ ಕಾಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಪರೀಕ್ಷೆಯಲ್ಲಿ ಗಣಿತದಲ್ಲೂ ವಿಜ್ಞಾನದಲ್ಲೂ ಫೇಲಾದೆ. ಮಳೆಗಾಲದಲ್ಲಿ ಮತ್ತೆ ಕಟ್ಟಿ ಹೇಗೋ ಪಾಸಾದೆ. ಆ ಅಂಕಕ್ಕೆ ಸೈನ್ಸ್ ಎಲ್ಲಿಂದ ಬರಬೇಕು? ಆರ್ಟ್ಸ್ ಓದಿ, ಅಂಗನವಾಡಿಯಲ್ಲಿ ಕೆಲಸ ಸಿಕ್ಕಿ, ಊರಲ್ಲೇ ಉಳಿದೆ. ಹೆಣ್ಣುಮಕ್ಕಳ ಫಲಿತಾಂಶ ಬಿದ್ದದ್ದಕ್ಕೆ ಶಾಲೆ ತಡವಾದದ್ದೇ ಕಾರಣ, ಹುಡುಗಿಯರು ಸೋಮಾರಿಗಳಾದರು ಎಂದು ಹೆಡ್‌ಮಾಸ್ತರರು ಮುಂದಿನ ವರ್ಷ ಶಾಲೆಯನ್ನು ಮತ್ತೆ ಎಂಟೂವರೆಗೆ ಎಳೆದರು. ವಿಜ್ಞಾನದ ಮಾಸ್ತರರು ವರ್ಗ ಮಾಡಿಸಿಕೊಂಡು ಹೋದರು. ತಮ್ಮ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಯಾದಗಿರಿಯಲ್ಲಿ ಡಿಗ್ರಿ, ಬಿ.ಎಡ್. ಮುಗಿಸಿ, ಈಗ ಅದೇ ಅಂಗಳದಲ್ಲಿ ಮೈಕ್ ಹಿಡಿದು ನಿಂತಿದ್ದ.

ಸಭೆಯಲ್ಲಿ ನಾನು ಕೈ ಎತ್ತಿದೆ. ಎದ್ದೂ ನಿಂತೆ. ವೇದಿಕೆಯ ಮೇಲಿದ್ದವರು ನಗುತ್ತ, "ಕೂಡ್ರಿ ಟೀಚರ್, ಅಂಗನವಾಡಿ ವಿಷಯ ಕಡೀಕ ತಗೊಳ್ಳೂಣು," ಎಂದರು. ಕೊನೆಗೆ ವಂದನಾರ್ಪಣೆ ಬಂತು. ಸೋಮವಾರದಿಂದ ಶಾಲೆ ಹತ್ತಕ್ಕೆ ಎಂದು ತೀರ್ಮಾನವಾಗಿತ್ತು. ಹುಡುಗಿಯರು ಬೇವಿನ ಮರದ ಕೆಳಗೆ ಚಪ್ಪಾಳೆ ತಟ್ಟಿದರು.

ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಮ್ಮ ಖುಷಿಯಲ್ಲಿದ್ದ, ಬಿಸಿ ರೊಟ್ಟಿ ಮುರಿಯುತ್ತ ತನ್ನ ಭಾಷಣ ಹೇಗಿತ್ತು ಎಂದು ಕೇಳಿದ. ನಾನು ತಡೆಯಲಾರದೆ, "ಇಷ್ಟೆಲ್ಲಾ ನಿನಗ ಯಾರು ಹೇಳಿದ್ರೋ?" ಎಂದೆ.

"ಯಾರು ಹೇಳಬೇಕು? ನಾನೇ ನೋಡೀನೆಲ್ಲ," ಎಂದ. "ನೀ ಹತ್ತನೇದಾಗ ಇದ್ದಾಗ ಒಂದು ವರ್ಷ ಹತ್ತಕ್ಕ ಇತ್ತಲ್ಲ ಅಕ್ಕಾ, ಅಂಥಾ ನಿದ್ದಿ ಆಮ್ಯಾಲ ನನಗ ಎಂದೂ ಬಂದಿಲ್ಲ ನೋಡು. ನೀನೂ ಮಲಗ್ತಿದ್ದೆಲ್ಲ, ನನ್ನ ಬಾಜೂಕ?"

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ತಲೆ ಎತ್ತಲಿಲ್ಲ. ನಾನು ತಮ್ಮನ ಮುಖವನ್ನೇ ನೋಡಿದೆ, ಎಲ್ಲಾದರೂ ಕಪಟ ಕಂಡೀತೇ ಎಂದು. ಕಂಡಿದ್ದರೆ ಬೈದು ಹಗುರಾಗುತ್ತಿದ್ದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಏಳುವ ಹೊತ್ತಿಗೆ ನಾನು ಎದ್ದು ಶಾಲೆಗೆ ಹೊರಟಿದ್ದೇನೆ ಎಂದುಕೊಂಡಿದ್ದಿರಬೇಕು. ಪಕ್ಕದ ಹಾಸಿಗೆ ಖಾಲಿಯಾಗುವುದನ್ನು ಒಂದು ದಿನವೂ ಕಾಣದಷ್ಟು ಚೆನ್ನಾಗಿ ಅವನು ಮಲಗಿದ್ದ.